12 ಫುಟ್ ಹಾಲ್, 49 ಇಂಚಿನ ಗೂಡು, ಪಿಎಸ್5: 43, 50, 55, 65 ಇಂಚಿನಲ್ಲಿ ಯಾವ ಟಿವಿ?

ಸಪ್ತಾಪುರ_ಕಂಟ್ರೋಲರ್ (ಧಾರವಾಡ)

ನಮಸ್ಕಾರ. ಪಿಎಸ್5 ಸ್ಲಿಮ್‌ಗೆ (ಸೋನಿಯ ಪ್ಲೇಸ್ಟೇಷನ್ 5 ಗೇಮ್ ಕನ್ಸೋಲ್) ಟಿವಿ ನೋಡ್ತಿದ್ದೀವಿ. ಬ್ರ್ಯಾಂಡ್ ಆಮೇಲೆ, ಮೊದಲು ಸೈಜ್ ಖಾತ್ರಿ ಆಗಬೇಕು. ಅಂಗಡಿಯವರು "12 ಫುಟ್ ಹಾಲ್ ಅಂದ್ರೆ 65 ಬೇಕೇ ಬೇಕು" ಅಂತಾರೆ. ಗೆಳೆಯರು "43 ಸಾಕು, ಉಳಿದ ದುಡ್ಡಿಗೆ ಗೇಮ್ ತಗೋ" ಅಂತಾರೆ. ಅಳತೆ ಎಲ್ಲಾ ಟೇಪ್ ಹಿಡಿದು ತೆಗೆದದ್ದು, ಇಲ್ಲಿ ಹಾಕ್ತೀನಿ:

ಹಾಲ್ 10 × 12 ಫುಟ್. ಟಿವಿ ಗೋಡೆಯಿಂದ ಎದುರಿನ ಗೋಡೆಗೆ 12 ಫುಟ್, ಸೋಫಾ ಆ ಎದುರಿನ ಗೋಡೆಗೆ ಹತ್ತಿ ಕೂತಿದೆ. ಸೋಫಾ ಹಿಂದೆ ಪಶ್ಚಿಮಕ್ಕೆ ದೊಡ್ಡ ಕಿಟಕಿ.

ಟಿವಿಗಂತ ಕಟ್ಟಿಸುವಾಗಲೇ ಬಿಟ್ಟ ಗೂಡು ಇದೆ. ಅಗಲ 49 ಇಂಚು, ಎತ್ತರ 30, ಆಳ 14. ಗೂಡಿನ ತಳ ನೆಲದಿಂದ 42 ಇಂಚು ಮೇಲೆ.

ಸೋಫಾದಲ್ಲಿ ಕೂತು ಹಿರಿಯರು ಸೀರಿಯಲ್ ನೋಡ್ತಾರೆ. ಆಟ ನಡೆಯೋದು ಮಾತ್ರ ನಡುವೆ ಹಾಸಿದ ಗಾದಿ ಮೇಲೆ, ಲೋಡಿಗೆ ಒರಗಿಕೊಂಡು. ಇಬ್ಬರು ಆಡ್ತಾರೆ, ಇನ್ನಿಬ್ಬರು ಆಚೀಚೆ ಕೂತು ನೋಡ್ತಾರೆ. ಹೆಚ್ಚಾಗಿ ಫುಟ್ಬಾಲ್, ಕ್ರಿಕೆಟ್, ಆಗಾಗ ಕಾರ್ ರೇಸು.

ಇದರ ಜೊತೆ ಇನ್ನೊಂದು. ತಮ್ಮನ ಪಿಸಿಗೆ ಆರ್‌ಟಿಎಕ್ಸ್ 3050 ಗ್ರಾಫಿಕ್ಸ್ ಕಾರ್ಡ್ ಇದೆ, ಟೇಬಲ್ 2 ಫುಟ್ ಆಳ, ಆಡೋದು ವ್ಯಾಲರಂಟ್ ಅನ್ನೋ ಶೂಟಿಂಗ್ ಗೇಮ್. ಈಗಿರೋ ಹಳೆ 32 ಇಂಚಿನ ಟಿವಿ ಖಾಲಿ ಆದ್ರೆ ಅದನ್ನೇ ಅವನ ಟೇಬಲ್ಲಿಗೆ ಇಡಬಹುದಾ, ಇಲ್ಲಾ 24 ಅಥವಾ 27ರ ಮಾನಿಟರ್ರೇ ಬೇಕಾ?

---

ಕೊಪ್ಪೀಕರ್_ಪಿಕ್ಸೆಲ್ (ಹುಬ್ಬಳ್ಳಿ)

ಅಳತಿ ಸಮೇತ ಕೇಳಿದ್ದು ಛಲೋ ಆತು. ಇಲ್ಲಾಂದ್ರ ಇಂಥ ಪ್ರಶ್ನೆಗೆ "ನಮ್ಮನ್ಯಾಗ 55 ಐತಿ, ಮಸ್ತ್ ಐತಿ" ಅನ್ನೋ ಉತ್ತರನ ಹತ್ತು ಬರ್ತಾವು.

ಮೊದಲನೇ ತಪ್ಪು ಆ 12 ಫುಟ್ ಲೆಕ್ಕದಾಗ ಐತಿ. ಅದು ಗ್ವಾಡಿಯಿಂದ ಗ್ವಾಡಿಗೆ. ನಮಗ ಬೇಕಾದದ್ದು ಕಣ್ಣಿನಿಂದ ಸ್ಕ್ರೀನಿಗೆ. 12 ಫುಟ್ ಅಂದ್ರ 366 ಸೆಂಮೀ. ಸೋಫಾದಾಗ ಒರಗಿ ಕುಂತ್ರ ಕಣ್ಣು ಹಿಂದಿನ ಗ್ವಾಡಿಯಿಂದ 70 ಸೆಂಮೀ ಮುಂದ ಇರ್ತಾವು. ಈ ಕಡೆ ಟಿವಿ ಸ್ಟ್ಯಾಂಡ್ ಮ್ಯಾಲೆ ಇಟ್ರ ಸ್ಕ್ರೀನ್ ಗ್ವಾಡಿಯಿಂದ 20–25 ಸೆಂಮೀ ಹೊರಗ ಬರ್ತೈತಿ. ಉಳಿದದ್ದು 270 ಸೆಂಮೀ, ಅಂದ್ರ 9 ಫುಟ್ ಸುದ್ದಾ ಇಲ್ಲ. ಗಾದಿ ನಡುವ ಅಂದ್ರಿ, ಲೋಡಿಗೆ ಒರಗಿದಾಗ ಕಣ್ಣಿನಿಂದ ಸ್ಕ್ರೀನಿಗೆ ಐದೂವರಿ ಫುಟ್, 168 ಸೆಂಮೀ ಅಂತ ಹಿಡೀತೀನಿ. ನೀವ ಒಮ್ಮೆ ಅಳದು ನೋಡ್ರಿ.

ಇನ್ನ ಲೆಕ್ಕ ಸಸಾರ. ಇಂಚಿನ ಸೈಜಿಗೆ 2.21 ಗುಣಿಸಿದ್ರ ಸ್ಕ್ರೀನಿನ ಅಗಲ ಸೆಂಮೀನಾಗ ಬರ್ತೈತಿ, 1.245 ಗುಣಿಸಿದ್ರ ಎತ್ತರ. 43ಕ್ಕ ಅಗಲ 95, 50ಕ್ಕ 111, 55ಕ್ಕ 122, 65ಕ್ಕ 144 ಸೆಂಮೀ. ಅಗಲಕ್ಕ 1.37 ಗುಣಿಸಿದ ದೂರದಾಗ ಕುಂತ್ರ ಸ್ಕ್ರೀನ್ ನಿಮ್ಮ ದೃಷ್ಟಿಯೊಳಗ 40 ಡಿಗ್ರಿ ತುಂಬತೈತಿ, 1.87 ಗುಣಿಸಿದ ದೂರದಾಗ 30 ಡಿಗ್ರಿ. ಸಿನಿಮಾಕ್ಕ ಎಸ್‌ಎಂಪಿಟಿಇ (ಸಿನಿಮಾ-ಟಿವಿ ಎಂಜಿನಿಯರುಗಳ ಸಂಘ) ಹೇಳೋದು 30, ಟಿಎಚ್‌ಎಕ್ಸ್ (ಥಿಯೇಟರಿನ ಗುಣಮಟ್ಟ ಪ್ರಮಾಣಿಸೋ ಕಂಪನಿ) ಹೇಳೋದು 40. ಕಂಟ್ರೋಲರ್ ಹಿಡದು ಆಡೋರಿಗೆ ಈ ಎರಡರ ನಡುವ ಎಲ್ಲೇ ಬಿದ್ರೂ ನಡೀತೈತಿ.

ನಿಮ್ಮ ಹಾಲಿಗೆ ಹಾಕಿ ನೋಡ್ರಿ. ಗಾದಿಯಿಂದ 43 ಇಂಚು 32 ಡಿಗ್ರಿ, 50 ಇಂಚು 36, 55 ಸರಿಯಾಗಿ 40, 65 ಅಂದ್ರ 46. ಸೋಫಾದಿಂದ ಅದೇ 43 ಇಂಚು 20 ಡಿಗ್ರಿ, 55 ಇಂಚು 25, 65 ಇಂಚು 30.

ಅಂದ್ರ ಅಂಗಡಿಯವ್ರು ಹೇಳಿದ್ದು ಪೂರಾ ಸುಳ್ಳಲ್ಲ. ಸೋಫಾದಾಗ ಕುಂತವ್ರಿಗೆ 65 ಖರೇನ ಛಲೋ. ಆದ್ರ ಸೀರಿಯಲ್ ನೋಡೋರಿಗೆ 25 ಡಿಗ್ರಿ ಏನೂ ಕಮ್ಮಿ ಆಗಂಗಿಲ್ಲ. ಗಾದಿ ಮ್ಯಾಲಿನವ್ರ ಕತಿ ಬ್ಯಾರೆ. ಮ್ಯಾಚ್ ಬಿಗಿ ಆದಂಗ ಲೋಡು ಬಿಟ್ಟು ಮುಂದ ಸರೀತಾರ, ಆವಾಗ ದೂರ 140 ಸೆಂಮೀಗೆ ಇಳೀತೈತಿ. ಅಲ್ಲಿಂದ 55 ಇಂಚು 47 ಡಿಗ್ರಿ ಆಗತೈತಿ, 65 ಇಂಚು 54. 54 ಡಿಗ್ರಿ ಒಳಗ ಮೂಲ್ಯಾಗಿನ ಸ್ಕೋರು ಒಂದ್ ಕಡೆ, ಬಾಲು ಒಂದ್ ಕಡೆ, ಕಣ್ಣಲ್ಲ ಕುತ್ತಿಗಿನ ತಿರಗಬೇಕು. ರೇಸಿಗೆ ಅದು ಮಜಾ, ಫುಟ್ಬಾಲಿಗೆ ಸಜಾ.

ನನ್ನ ಮತ 55. ರೊಕ್ಕ ಕಮ್ಮಿ ಬಿದ್ರ 50. 43 ತಗೊಂಡ್ರ ಸೋಫಾದಾಗಿನವ್ರಿಗೆ ಮೆನುವಿನ ಅಕ್ಷರ ಓದಾಕ ತ್ರಾಸ ಆಗತೈತಿ.

ಇನ್ನೂ ಸಂಶಯ ಇದ್ರ ಪೇಂಟ್ ಅಂಗಡ್ಯಾಗ ಮಾಸ್ಕಿಂಗ್ ಟೇಪ್ ಸಿಗತೈತಿ. ಗ್ವಾಡಿ ಮ್ಯಾಲೆ 122 × 69 ಸೆಂಮೀ ಚೌಕ ಹಚ್ಚಿ ಎರಡು ದಿನ ಬಿಡ್ರಿ. ಅಂಗಡ್ಯಾಗ ನಿಂತು ಸೈಜ್ ಆರಿಸಬ್ಯಾಡ್ರಿ. 75, 85 ಇಂಚಿನವು ಬಾಜೂಕ ತೂಗಾಡ್ತಿರ್ತಾವು, 55 ಅಲ್ಲಿ ಮಗುವಿನಂಗ ಕಾಣತೈತಿ.

---

ಬೆಟಗೇರಿ_ಫ್ರೇಮ್‌ರೇಟ್ (ಗದಗ)

55ಕ್ಕೆ ನನ್ನದೂ ಒಪ್ಪಿಗೆ, ಆದರೆ ಗೂಡಿನ ಲೆಕ್ಕ ಯಾರೂ ನೋಡಲಿಲ್ಲವಲ್ಲ! 49 ಇಂಚು ಅಂದ್ರೆ 124.5 ಸೆಂಮೀ. 55 ಇಂಚಿನ ಟಿವಿಯ ಬಾಡಿ ಸುಮಾರು 123 ಸೆಂಮೀ ಅಗಲ, ಕಾಲು ಬಿಟ್ಟು 71 ಎತ್ತರ. ಎರಡೂ ಕಡೆ ಮುಕ್ಕಾಲು ಸೆಂಮೀ ಉಳಿಯುತ್ತದೆ, ಕೇಬಲ್ ಹಾಕಲು ಬೆರಳು ಕೂಡ ಹೋಗಲ್ಲ. ಕಾಲು ಸೇರಿಸಿದರೆ ಎತ್ತರ 77–78 ಆಗುತ್ತದೆ, ನಿಮ್ಮ ಗೂಡು 76. ತೂರುವುದೇ ಇಲ್ಲ. 50 ಇಂಚಿನದು 112 ಸೆಂಮೀ ಅಗಲ, ಕೂರುತ್ತದೆ, ಬದಿಗೆ 6 ಸೆಂಮೀ ಗಾಳಿ. ಹೆಚ್ಚಿನ ಕಂಪನಿಗಳ ಕೈಪಿಡಿ ಕೇಳುವುದು 10. ಏಪ್ರಿಲ್–ಮೇ ಬಿಸಿಲಿನಲ್ಲಿ ಮೂರು ಕಡೆ ಮುಚ್ಚಿದ ಗೂಡಿನೊಳಗೆ ಪ್ಯಾನೆಲ್ಲಿನ ಬ್ಯಾಕ್‌ಲೈಟ್ ಬಿಸಿ ಎಲ್ಲಿಗೆ ಹೋಗಬೇಕು ಹೇಳಿ.

ಸೈಜ್ ಜೊತೆಗೇ ನೋಡಬೇಕಾದ್ದು ಇನ್ನೂ ಇದೆ. ಸೈಜ್ ಬದಲಾದರೆ ಇವೂ ಬದಲಾಗುತ್ತವೆ.

ರಿಫ್ರೆಶ್ ರೇಟ್. ಅಂದರೆ ಸೆಕೆಂಡಿಗೆ ಚಿತ್ರ ಎಷ್ಟು ಸಲ ಬದಲಾಗುತ್ತದೆ ಎನ್ನುವುದು, ಅಳತೆ ಹರ್ಟ್ಸ್. ಪಿಎಸ್5 4ಕೆಯಲ್ಲಿ 120 ಹರ್ಟ್ಸ್ ಕೊಡುತ್ತದೆ. 43ರಲ್ಲಿ ನಿಜವಾದ 120 ಹರ್ಟ್ಸ್ ಪ್ಯಾನೆಲ್ ಅಪರೂಪ, 55ರಿಂದ ಮೇಲೆ ಆಯ್ಕೆ ಜಾಸ್ತಿ. ಡಬ್ಬಿ ಮೇಲೆ "ಮೋಷನ್ ರೇಟ್ 120" ಅಂತ ಇದ್ದರೆ ನಂಬಬೇಡಿ, ಒಳಗೆ 60ರ ಪ್ಯಾನೆಲ್ಲೇ ಇರುತ್ತದೆ. ಕೆಲವು 60ರ ಪ್ಯಾನೆಲ್‌ಗಳು 120 ತೋರಿಸುತ್ತವೆ, ಆದರೆ ಚಿತ್ರದ ಅಡ್ಡ ಗೆರೆಗಳನ್ನು ಅರ್ಧಕ್ಕೆ ಇಳಿಸಿಯೇ ಹಾಗೆ ಮಾಡುತ್ತವೆ. ಸ್ಪೆಕ್ ಶೀಟಿನಲ್ಲಿ ಎಚ್‌ಡಿಎಂಐ 2.1 (ಟಿವಿಯ ಕೇಬಲ್ ಪೋರ್ಟಿನ ಆವೃತ್ತಿ) ಮತ್ತು "4ಕೆ 120" ಎರಡೂ ಬರೆದಿರಬೇಕು. ಪಿಎಸ್5ನ ವಿಆರ್‌ಆರ್ (ಗೇಮಿನ ಫ್ರೇಮಿಗೆ ತಕ್ಕಂತೆ ಟಿವಿಯ ಹರ್ಟ್ಸ್ ಬದಲಿಸುವ ಸೌಲಭ್ಯ) ಕೂಡ ಎಚ್‌ಡಿಎಂಐ 2.1 ಇದ್ದರೆ ಮಾತ್ರ ಆನ್ ಆಗುತ್ತದೆ, 48ರಿಂದ 120 ಹರ್ಟ್ಸ್ ನಡುವೆ ಕೆಲಸ ಮಾಡುತ್ತದೆ. ಬಜೆಟ್ ಅಲ್ಲಿಗೆ ಮುಟ್ಟದಿದ್ದರೆ ಕೊರಗಬೇಡಿ. 60 ಹರ್ಟ್ಸ್ ಟಿವಿಯಲ್ಲೂ ಗೇಮ್ ಮೋಡ್ ಹಾಕಿದರೆ ಫುಟ್ಬಾಲ್, ಕ್ರಿಕೆಟ್ ಧಾರಾಳ ನಡೆಯುತ್ತದೆ. ಗೇಮ್ ಮೋಡ್ ಇಲ್ಲದೆ ಆಡಿದರೆ ಬ್ಯಾಟ್ ಬೀಸುವುದು ಬಟನ್ ಒತ್ತಿದ ಮೇಲೆ ತಡವಾಗಿ ಬರುತ್ತದೆ. ಕಾರಣ, ಚಿತ್ರ ನುಣುಪು ಮಾಡಲು ಟಿವಿ ಫ್ರೇಮುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ.

ಪ್ಯಾನೆಲ್. ಇದರಲ್ಲಿ ಮುಖ್ಯವಾಗಿ ವಿಎ, ಐಪಿಎಸ್ ಅಂತ ಎರಡು ಬಗೆ. ನಿಮ್ಮಲ್ಲಿ ಇಬ್ಬರು ಎದುರಿಗೆ, ಇಬ್ಬರು ಆಚೀಚೆ. ವಿಎ ಪ್ಯಾನೆಲ್ ಎದುರಿನಿಂದ ಕಪ್ಪು ಗಾಢವಾಗಿ ತೋರಿಸುತ್ತದೆ, ಪಕ್ಕದಿಂದ ನೋಡಿದರೆ ಬಣ್ಣ ತೊಳೆದಂತೆ ಆಗುತ್ತದೆ. ಐಪಿಎಸ್ ಪಕ್ಕದಿಂದ ಚೆನ್ನಾಗಿರುತ್ತದೆ, ಕತ್ತಲೆ ಕೋಣೆಯಲ್ಲಿ ಕಪ್ಪು ಬೂದಿಯಾಗುತ್ತದೆ. ನಿಮಗೆ ಐಪಿಎಸ್ ಹೊಂದುತ್ತದೆ ಅಂತ ನನ್ನ ಅಂದಾಜು. ಒಂದೇ ಸೀರೀಸ್‌ನಲ್ಲೂ 50ಕ್ಕೆ ಒಂದು ಪ್ಯಾನೆಲ್, 55ಕ್ಕೆ ಇನ್ನೊಂದು ಇರಬಹುದು, ಆದ್ದರಿಂದ ನಿಮ್ಮ ಸೈಜಿನ ಟಿವಿಯನ್ನೇ ಅಂಗಡಿಯಲ್ಲಿ ಪಕ್ಕಕ್ಕೆ ನಿಂತು, ಆಮೇಲೆ ಕುಕ್ಕರಗಾಲಲ್ಲಿ ಕೂತು ನೋಡಿ. ನಾಚಿಕೆ ಬೇಡ, ದುಡ್ಡು ನಿಮ್ಮದು.

ಇನ್ನು ತಮ್ಮನ ವಿಷಯ. ಹಳೆ 32 ಬೇಡವೇ ಬೇಡ. ಎಚ್‌ಡಿ ರೆಡಿ ಅಂತ ಬರೆದಿದ್ದರೆ ಅದು 1366 × 768. ಒಂದು ಪಿಕ್ಸೆಲ್ ಅರ್ಧ ಮಿಲಿಮೀಟರ್ ಅಗಲ, 178 ಸೆಂಮೀ ದೂರ ಹೋದರೆ ಮಾತ್ರ ಕಣ್ಣಿಗೆ ಬಿಡಿಬಿಡಿಯಾಗಿ ಕಾಣುವುದು ನಿಲ್ಲುತ್ತದೆ. ಅವನು ಕೂರುವುದು 55–60 ಸೆಂಮೀನಲ್ಲಿ. 2 ಫುಟ್ ಟೇಬಲ್ 61 ಸೆಂಮೀ, ಅದರಲ್ಲಿ ಮಾನಿಟರ್ ಸ್ಟ್ಯಾಂಡ್ 18–20 ತಿನ್ನುತ್ತದೆ, ಮುಖ ಟೇಬಲ್ ಅಂಚಿನಿಂದ 15 ಹಿಂದೆ ಇರುತ್ತದೆ ಅಂತ ಹಿಡಿದ ಲೆಕ್ಕ ಇದು.

ಅಷ್ಟು ಹತ್ತಿರಕ್ಕೆ 24 ಇಂಚು, 1920 × 1080, 144 ಹರ್ಟ್ಸ್ ಅಥವಾ ಮೇಲೆ. ಕಣ್ಣು ಹೊರಳಿಸದೆ ನಾಲ್ಕೂ ಮೂಲೆ ಕಾಣಬೇಕು, ವ್ಯಾಲರಂಟ್‌ನಲ್ಲಿ ಮ್ಯಾಪ್ ನೋಡದವನು ಬೆನ್ನಿಗೆ ಗುಂಡು ತಿನ್ನುತ್ತಾನೆ. 27 ಇಂಚಿಗೆ 1080 ಸಾಲುವುದಿಲ್ಲ, ಇಂಚಿಗೆ 82 ಪಿಕ್ಸೆಲ್ ಮಾತ್ರ, ಅಕ್ಷರದ ಅಂಚು ಹರಿದಂತೆ ಕಾಣುತ್ತದೆ. 27ಕ್ಕೆ 2560 × 1440 ಬೇಕು, ಆಗ 109. ಆದರೆ ಅದು 1080ಕ್ಕಿಂತ 1.78 ಪಟ್ಟು ಪಿಕ್ಸೆಲ್. ವ್ಯಾಲರಂಟ್ ಹಗುರ ಗೇಮ್, 3050 ಎಳೆಯುತ್ತದೆ, ಬೇರೆ ದೊಡ್ಡ ಗೇಮ್ ಹಾಕಿದರೆ ಏದುಸಿರು ಬಿಡುತ್ತದೆ. ಗೇಮನ್ನು 1080ಕ್ಕೆ ಇಳಿಸಿ 1440ರ ಮಾನಿಟರ್‌ನಲ್ಲಿ ಆಡಿದರೆ ಒಂದು ಪಿಕ್ಸೆಲ್ 1.33 ಪಿಕ್ಸೆಲ್ ಮೇಲೆ ಹರಡಬೇಕಾಗುತ್ತದೆ, ಎಲ್ಲವೂ ಮಸುಕು.

ಮಾನಿಟರ್ ಬಂದ ದಿನ ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿ, ಅದೂ ಕಾರ್ಡಿನ ಪೋರ್ಟಿಗೆ, ಮದರ್‌ಬೋರ್ಡಿನದಕ್ಕಲ್ಲ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್‌ಡ್ ಡಿಸ್‌ಪ್ಲೇ ತೆರೆದು ಹರ್ಟ್ಸ್ ಬದಲಿಸಿ. ಎಷ್ಟೋ ಜನ 144 ಕೊಂಡು ತಿಂಗಳುಗಟ್ಟಲೆ 60ರಲ್ಲೇ ಆಡುತ್ತಿರುತ್ತಾರೆ.

---

ಏಲಕ್ಕಿ_ಹಾರ (ಹಾವೇರಿ)

ಗೂಡಿನ ಅಗಲ ಬಿಡ್ರಿ, ಅದರ ಎತ್ತರನ ತಪ್ಪೈತಿ. ನೀವು 50 ತಂದು ಅದರೊಳಗ ಕೂಡ್ರಿಸಿದ್ರೂ ಗಾದಿ ಮ್ಯಾಲಿನವ್ರ ಕುತ್ತಿಗಿ ಹೋತು ಅಂತ ತಿಳ್ಕೊಳ್ರಿ.

ತಳ 42 ಇಂಚು, ಅಂದ್ರ 107 ಸೆಂಮೀ. ಗೂಡಿನ ನಡುಮಧ್ಯ 145 ಸೆಂಮೀಗೆ ಬರ್ತೈತಿ. ಗಾದಿ ಮ್ಯಾಲೆ ಚಕ್ಕಳಮಕ್ಕಳ ಹಾಕಿ ಕುಂತ ದೊಡ್ಡವ್ರ ಕಣ್ಣು ನೆಲದಿಂದ 80 ಸೆಂಮೀ ಹತ್ತಿರ. 65 ಸೆಂಮೀ ಏರು, 168 ದೂರ: ಸ್ಕ್ರೀನಿನ ನಡುಭಾಗ ನೋಡಾಕ 21 ಡಿಗ್ರಿ ತಲಿ ಎತ್ತಬೇಕು, ಮ್ಯಾಲಿನ ಅಂಚು ನೋಡಾಕ 30. ಹುಡುಗರು ಇನ್ನೂ ಕುಳ್ಳಗ ಇರ್ತಾರ. 15 ಡಿಗ್ರಿ ದಾಟಿದ್ರ ತಾಸಿನೊಳಗ ಕುತ್ತಿಗಿ ಬಿಗೀತೈತಿ. ಮ್ಯಾಲಾಗಿ ವಿಎ ಪ್ಯಾನೆಲ್ ಕೆಳಗಿನಿಂದ ನೋಡಿದ್ರೂ ಪೇಲವ ಕಾಣತೈತಿ, ಪಕ್ಕದಿಂದ ಒಂದ ಅಲ್ಲ.

ಆ ಗೂಡು ಕಟ್ಟಿದವ್ರು ಸೋಫಾ ಮ್ಯಾಲೆ ಕುಂತು ನೋಡೋರ ಲೆಕ್ಕದಾಗ ಕಟ್ಟ್ಯಾರ. ಸೋಫಾದಾಗ ಕಣ್ಣು 110 ಸೆಂಮೀ, ಅಲ್ಲಿಂದ 7 ಡಿಗ್ರಿ ಅಷ್ಟ. ತಪ್ಪು ಅವ್ರದಲ್ಲ.

ಹಿಂಗ ಮಾಡ್ರಿ. ಗೂಡಿನ ಮುಂದ, ನೆಲದ ಮ್ಯಾಲೆ ಒಂದು ಗಿಡ್ಡ ಕ್ಯಾಬಿನೆಟ್ ಮಾಡಿಸ್ರಿ. ಎತ್ತರ 45 ಸೆಂಮೀ, ಆಳ 40, ಉದ್ದ 5 ಫುಟ್, 18 ಮಿಮೀ ಪ್ಲೈವುಡ್. ಬಡಿಗ್ಯಾರಿಗೆ ಹೇಳೂ ಮುಂಚೆ ಟಿವಿ ಮಾಡೆಲ್ ಗಟ್ಟಿ ಮಾಡ್ಕೊಳ್ರಿ. ಈಗಿನ 55ರ ಕಾಲು ಎರಡೂ ತುದಿಗೆ ಇರ್ತಾವು, ನಡುವ ಒಂದು ಮೀಟರಿಗೂ ಹೆಚ್ಚು ಅಂತರ ಇರಬಹುದು. 4 ಫುಟಿನ ಹಲಗಿ ಮಾಡಿಸಿ ಕಾಲು ಅಂಚಿಗೆ ಬಂದು ನಿಂತ್ರ ಕಷ್ಟ. ಟಿವಿ ಇಟ್ಟ ಮ್ಯಾಲೆ ಸ್ಕ್ರೀನಿನ ನಡುಮಧ್ಯ 87 ಸೆಂಮೀಗೆ ಬರ್ತೈತಿ. ಗಾದಿಯಿಂದ ಹೆಚ್ಚುಕಮ್ಮಿ ನೇರ, ಸೋಫಾದಿಂದ 5 ಡಿಗ್ರಿ ಕೆಳಗ. ಇಬ್ಬರಿಗೂ ಸರಿ.

ಗಾದಿ ಮ್ಯಾಲಿನ ತಲಿ ಅಡ್ಡ ಬರ್ತಾವು ಅಂತ ಸೋಫಾದವ್ರು ತಕರಾರು ತಗೀಬಹುದು. ಗಾದಿ ನಡುವ ಇದ್ರ ಸೋಫಾದಿಂದ ಸ್ಕ್ರೀನಿನ ತಳದ ಸಾಲು ಸ್ವಲ್ಪ ಮರಿ ಆಗತೈತಿ, ಖರೆ. ಗಾದಿ ಒಂದು ಬದಿಗೆ ಎಳೀರಿ, ಇಲ್ಲಾ ಸೀರಿಯಲ್ ಹೊತ್ತಿಗೆ ಆಟ ಬಂದ್ ಮಾಡ್ರಿ. ಇದಕ್ಕ ಯಾವ ಇಂಚಿನ ಟಿವಿಯೊಳಗೂ ಔಷಧ ಇಲ್ಲ.

ಗೂಡು ಖಾಲಿ ಬಿಡಬ್ಯಾಡ್ರಿ, ಸೌಂಡ್‌ಬಾರು, ರೂಟರು, ಕಂಟ್ರೋಲರ್ ಚಾರ್ಜರ್ ಅಲ್ಲಿ ಇಡ್ರಿ. ಪಿಎಸ್5 ಮಾತ್ರ ಕ್ಯಾಬಿನೆಟ್ಟಿನ ಮುಚ್ಚಿದ ಖಾನ್ಯಾಗ ಇಡಬ್ಯಾಡ್ರಿ. ಹಿಂದ 10 ಸೆಂಮೀ ಗಾಳಿ ಬೇಕು ಅದಕ್ಕ. ಟಿವಿ ಹಿಂದಿನ ಮ್ಯಾಲಿನ ವೆಸಾ ತೂತಿಗೆ (ಗ್ವಾಡಿಗೆ ತೂಗಹಾಕಾಕ ಕೊಟ್ಟ ಸ್ಕ್ರೂ ತೂತು) ನೈಲಾನ್ ಪಟ್ಟಿ ಬಿಗಿದು ಗ್ವಾಡಿಗೆ ಆಂಕರ್ ಹೊಡೀರಿ. ಗಿಡ್ಡ ಸ್ಟ್ಯಾಂಡು, ಹುಡುಗರ ಕೈಗೆ ಎಟುಕೋ ಟಿವಿ, ಒಮ್ಮೆ ಜಗ್ಗಿದ್ರ ಮುಂದಕ್ಕ ಬೀಳತೈತಿ.

---

ಸಪ್ತಾಪುರ_ಕಂಟ್ರೋಲರ್

ಗೂಡಿನ ಎತ್ತರ ತಲೆಗೇ ಬಂದಿರಲಿಲ್ಲ. ಗಾದಿಯಿಂದ ಅಳೆದೆ, ಸ್ಟ್ಯಾಂಡ್ ಲೆಕ್ಕ ಕಳೆದು 165 ಸೆಂಮೀ. 55, ಗಿಡ್ಡ ಕ್ಯಾಬಿನೆಟ್, ತಮ್ಮನಿಗೆ 24. ಇಷ್ಟು ಗಟ್ಟಿ.

ಉಳಿದದ್ದು ಮೂರು. ಸಂಜೆ ಕಿಟಕಿ ಬೆಳಕು ನೇರ ಸ್ಕ್ರೀನಿಗೆ ಬೀಳುತ್ತೆ, ಅದಕ್ಕೇನು? ಕರೆಂಟ್ ಹೋದಾಗ 900 ವಿಎ ಇನ್ವರ್ಟರ್, 150 ಎಎಚ್ ಬ್ಯಾಟರಿ ಮೇಲೆ ಇಷ್ಟು ದೊಡ್ಡ ಟಿವಿ ಮತ್ತು ಪಿಎಸ್5 ನಡೆಯುತ್ತಾ? ಡಬ್ಬಿ ಮೇಲೆ ಇಂಚೇ ಬರೆದಿರಲ್ಲ, 138 ಸೆಂಮೀ, 139 ಸೆಂಮೀ ಅಂತೆಲ್ಲಾ ಇದೆ, ಎರಡೂ ಒಂದೇನಾ?

---

ಕೊಪ್ಪೀಕರ್_ಪಿಕ್ಸೆಲ್

138, 139 ಎರಡೂ 55ನ. ಅದು ಮೂಲಿಯಿಂದ ಮೂಲಿಗೆ ಅಳತಿ. 108 ಅಂದ್ರ 43, 126 ಅಂದ್ರ 50, 163–164 ಅಂದ್ರ 65. ಮಾಡೆಲ್ ನಂಬರಿನ ಮೊದಲಿನ ಅಂಕಿ ನೋಡಿದ್ರ ಇಂಚು ಅಲ್ಲೇ ಸಿಗತೈತಿ. ಆ 139ನ್ನ ಅಗಲ ಅಂತ ತಿಳದು ಕ್ಯಾಬಿನೆಟ್ ಮಾಡಿಸಬ್ಯಾಡ್ರಿ ಮತ್ತ.

ರೇಟಿನ ಬಗ್ಗೆ ಒಂದು ಮಾತು. 32 ಇಂಚಿಗಿಂತ ದೊಡ್ಡ ಟಿವಿಗೆ ಜಿಎಸ್‌ಟಿ 28ರಿಂದ ಶೇ. 18ಕ್ಕ ಇಳಿದದ್ದು 2025ರ ಸೆಪ್ಟೆಂಬರ್ 22ರಿಂದ. ಹಳೇ ಎಂಆರ್‌ಪಿ ಚೀಟಿ ತೋರಿಸಿ "ಇಷ್ಟು ಡಿಸ್ಕೌಂಟ್" ಅಂದ್ರ ಒಮ್ಮೆ ಲೆಕ್ಕ ಹಾಕಿ ನೋಡ್ರಿ.

ಕಿಟಕಿಗೆ ದಪ್ಪ ಪರದೆ, ಬ್ಯಾರೆ ದಾರಿ ಇಲ್ಲ. ಎದುರಿನ ಗ್ವಾಡಿ ಟ್ಯೂಬ್‌ಲೈಟೂ ಸ್ಕ್ರೀನಿನ್ಯಾಗ ಗೆರಿ ಎಳದಂಗ ಕಾಣತೈತಿ, ಅದನ್ನ ಬಾಜೂ ಗ್ವಾಡಿಗೆ ಸರಿಸ್ರಿ.

ಟಿವಿ ತರೂವಾಗ ಡಬ್ಬಿ ನಿಲ್ಲಿಸಿಕೊಂಡ ತರಬೇಕು. ಆಟೋದಾಗ ಅಡ್ಡ ಮಲಗಿಸಿ ಹುಬ್ಬಳ್ಳಿಯಿಂದ ಧಾರವಾಡಕ್ಕ ತಂದ್ರ, ರೋಡ್ ಹಂಪಿನ ಮ್ಯಾಲೆ ಒಮ್ಮೆ ಪುಟದ್ರ ಸಾಕು, ಪ್ಯಾನೆಲ್ ನಡುವ ಸೀಳತೈತಿ, ಹೊರಗ ಡಬ್ಬಿಗೆ ಗಾಯನ ಇರಂಗಿಲ್ಲ. ಡಬ್ಬಿ ಒಡಿಯೂದನ್ನ ಕಂಪನಿ ಮನಿಷ್ಯಾ ಬಂದ ಮ್ಯಾಲೆ ಮಾಡ್ರಿ, ವಿಡಿಯೋ ಹಿಡೀರಿ.

---

ಬೆಟಗೇರಿ_ಫ್ರೇಮ್‌ರೇಟ್

ಇನ್ವರ್ಟರ್ ಲೆಕ್ಕ: 55 ಇಂಚಿನ ಎಲ್ಇಡಿ ಟಿವಿ 110–150 ವ್ಯಾಟ್, ಪಿಎಸ್5 ಆಟದ ಹೊತ್ತಿಗೆ 200ರ ಆಸುಪಾಸು. ಒಂದು ಫ್ಯಾನ್, ಎರಡು ಬಲ್ಬ್ ಸೇರಿಸಿ 430 ಹಿಡಿಯಿರಿ. 900 ವಿಎ ಹೊರುತ್ತದೆ. ಬ್ಯಾಟರಿ ಹೊಸದಿದ್ದರೆ ಎರಡು, ಎರಡೂವರೆ ತಾಸು, ಮೂರ್ನಾಲ್ಕು ವರ್ಷ ಹಳೆಯದಿದ್ದರೆ ಅದರಲ್ಲಿ ಅರ್ಧ ನಂಬಿ. ಸ್ಕ್ವೇರ್ ವೇವ್ (ಒರಟು ಅಲೆಯ ಕರೆಂಟ್ ಕೊಡುವ) ಇನ್ವರ್ಟರ್ ಆಗಿದ್ದರೆ ಆಡಬೇಡಿ, ಸೈನ್ ವೇವ್ (ಮನೆಯ ಲೈನಿನಂಥ ನುಣುಪು ಅಲೆಯ) ಬೇಕು. ಹಿಂಬದಿಯ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿರಲಿ, ಇಲ್ಲದಿದ್ದರೆ ಕರೆಂಟ್ ಬದಲಾಗುವ ಕ್ಷಣದಲ್ಲಿ ಪಿಎಸ್5 ಆಫ್ ಆಗಿ, ಮುಂದಿನ ಸಲ ಸ್ಟೋರೇಜ್ ಪರೀಕ್ಷೆಗೆ ಕೂರುತ್ತದೆ. ಎಲ್ಲಕ್ಕಿಂತ ಮೊದಲು ಎಲೆಕ್ಟ್ರಿಷಿಯನ್‌ಗೆ ಕೇಳಿ, ಆ ಗೋಡೆಯ ಪ್ಲಗ್ ಪಾಯಿಂಟ್ ಇನ್ವರ್ಟರ್ ಲೈನಿನ ಮೇಲೆ ಇದೆಯಾ ಅಂತ. ಎಷ್ಟೋ ಮನೆಗಳಲ್ಲಿ ಲೈಟು ಫ್ಯಾನು ಮಾತ್ರ ಇರುತ್ತವೆ.

ಟಿವಿ ಕೂರಿಸಿದ ದಿನ ಮಾಡಬೇಕಾದ್ದು: ಪಿಎಸ್5 ಡಬ್ಬಿಯಲ್ಲೇ ಬಂದ ಕೇಬಲ್ ಬಳಸಿ, ಟಿವಿ ಹಿಂದೆ "4ಕೆ 120" ಅಂತ ಬರೆದ ಪೋರ್ಟಿಗೇ ಹಾಕಿ. ನಾಲ್ಕರಲ್ಲಿ ಎರಡಕ್ಕೆ ಮಾತ್ರ ಆ ಗುರುತು ಇರಬಹುದು. ಆಮೇಲೆ ಟಿವಿಯಲ್ಲಿ ಆ ಪೋರ್ಟಿನ ಪೂರ್ಣ ಸಿಗ್ನಲ್ ಆನ್ ಮಾಡಬೇಕು. ಸ್ಯಾಮ್‌ಸಂಗ್‌ನಲ್ಲಿ ಅದರ ಹೆಸರು ಇನ್‌ಪುಟ್ ಸಿಗ್ನಲ್ ಪ್ಲಸ್, ಎಲ್‌ಜಿಯಲ್ಲಿ ಡೀಪ್ ಕಲರ್, ಸೋನಿಯಲ್ಲಿ ಎನ್‌ಹ್ಯಾನ್ಸ್‌ಡ್ ಫಾರ್ಮ್ಯಾಟ್. ಇದನ್ನು ಬಿಟ್ಟರೆ ಎಚ್‌ಡಿಆರ್ (ಬೆಳಕು-ನೆರಳಿನ ವ್ಯಾಪ್ತಿ ಹೆಚ್ಚಿರುವ ಚಿತ್ರ) ಅಥವಾ 120 ಹರ್ಟ್ಸ್ ಬರುವುದೇ ಇಲ್ಲ, ಜನ ಟಿವಿ ಕೆಟ್ಟಿದೆ ಅಂತ ವಾಪಸ್ ಒಯ್ಯುತ್ತಾರೆ. ಬಂದಿದೆಯೋ ಇಲ್ಲವೋ ಅಂತ ಪಿಎಸ್5ನ ಸ್ಕ್ರೀನ್ ಆ್ಯಂಡ್ ವಿಡಿಯೋದಲ್ಲಿ ವಿಡಿಯೋ ಔಟ್‌ಪುಟ್ ಇನ್ಫರ್ಮೇಶನ್ ತೆರೆದರೆ ತಿಳಿಯುತ್ತದೆ.

---

ಏಲಕ್ಕಿ_ಹಾರ

ಒಂದು ಬಿಟ್ಟೀರಿ. ಆಟದ ಸ್ಕೋರು, ಮ್ಯಾಪು ಅಂಚಿನ್ಯಾಗ ಅರ್ಧ ಕತ್ತರಿಸಿದಂಗ ಕಂಡ್ರ ಅದು ಓವರ್‌ಸ್ಕ್ಯಾನ್. ಟಿವಿ ಚಿತ್ರನ್ನ ಒಂದಿಷ್ಟು ಹಿಗ್ಗಿಸಿ ತೋರಸ್ತಿರ್ತೈತಿ. ಪಿಎಸ್5 ಒಳಗ ಅಡ್ಜಸ್ಟ್ ಡಿಸ್‌ಪ್ಲೇ ಏರಿಯಾ ಹಾಕಿ ಚಿತ್ರ ಸಣ್ಣ ಮಾಡಾಕ ಹೋಗಬ್ಯಾಡ್ರಿ, ಹಿಗ್ಗಿಸಿದ್ದನ್ನ ಮತ್ತ ಕುಗ್ಗಿಸಿ ಎರಡು ಸಲ ಮಸುಕು ಮಾಡಿದಂಗ ಆಗತೈತಿ. ಟಿವಿಯ ಪಿಕ್ಚರ್ ಸೈಜಿನ್ಯಾಗ "ಫಿಟ್ ಟು ಸ್ಕ್ರೀನ್" ಇಲ್ಲಾ "ಜಸ್ಟ್ ಸ್ಕ್ಯಾನ್" ಹುಡುಕಿ ಹಾಕ್ರಿ, ಅದೂ ಪಿಎಸ್5 ಹಾಕಿದ ಪೋರ್ಟ್ ತೆರೆದಾಗನ. ಒಂದೊಂದು ಪೋರ್ಟಿಗೆ ಬ್ಯಾರೆ ಬ್ಯಾರೆ ಉಳೀತೈತಿ ಅದು.